ಮೂಸೆಯನ್ನೇ ತಿನ್ನುವ ಲೋಹ

ಕಲ್ಯಾಣ ನಗರದ ನಮ್ಮ ಮನೆ ತಾರಸಿಯಲ್ಲಿ ನಿಂತರೆ ಕೆಲವು ದಿನ ಬೆಳಿಗ್ಗೆ ಎಚ್.ಎ.ಎಲ್. ಕಡೆಯಿಂದ ವಿಮಾನದ ಸದ್ದು ಕೇಳುತ್ತೆ. ಎಲ್ಲರೂ ತಲೆ ಎತ್ತಿ ವಿಮಾನ ನೋಡ್ತಾರೆ, ನನಗೆ ಅದರೊಳಗಿನ ಎರಕದ ಭಾಗಗಳ ಯೋಚನೆ. ದಿನವಿಡೀ ಕೋಡ್ ಬರೆಯೋನಿಗೆ ಇದೆಲ್ಲ ಯಾಕೆ ಅಂತೀರಾ? ಎಂಜಿನಿಯರಿಂಗ್‌ನಲ್ಲಿ ಓದಿದ್ದು ಪೂರ್ತಿ ಮರೆತಿಲ್ಲ ಅಂತ ತೋರಿಸ್ಕೊಳ್ಳೋಕೆ ಅಂತಿಟ್ಕೊಳ್ಳಿ :)

ಅಲ್ಯೂಮಿನಿಯಂ ಕರಗೋದು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕಬ್ಬಿಣಕ್ಕೆ 1538 ಬೇಕು. ಹಾಗಾದ್ರೆ ಕಬ್ಬಿಣದ ಪಾತ್ರೆಯಲ್ಲಿ ಅಲ್ಯೂಮಿನಿಯಂ ಕರಗಿಸಿದರಾಯ್ತಲ್ಲ? ಅಷ್ಟು ಸುಲಭ ಇಲ್ಲ. ಕಾಫಿಯಲ್ಲಿ ಸಕ್ಕರೆ ಕರಗಿದ ಹಾಗೆ ಕಬ್ಬಿಣ ನಿಧಾನಕ್ಕೆ ಅದರೊಳಗೆ ಕರಗುತ್ತೆ. ಎರಕ ತಣ್ಣಗಾದಾಗ ಅದೇ ಕಬ್ಬಿಣ ಸೂಜಿಯಂಥ ಹರಳುಗಳಾಗಿ ಕೂತು ಲೋಹ ಪೆಡಸಾಗುತ್ತೆ. ಅನ್ನದ ಡಬರಿಗಾದ್ರೆ ಪರವಾಗಿಲ್ಲ, ವಿಮಾನದ ಭಾಗಕ್ಕೆ? ಬಿರುಕು ಹುಟ್ಟೋದೇ ಅಂಥ ಜಾಗದಲ್ಲಿ. ಅದಕ್ಕೇ ಕಬ್ಬಿಣದ ಸೌಟು, ಕೊಳವೆಗಳಿಗೆ ಲೇಪ ಬಳಿದು ಬಳಸ್ತಾರೆ. ಲೇಪ ಎದ್ದರೆ ಮತ್ತೆ ಅದೇ ಕಥೆ.

ಇದಕ್ಕೆ ಸಿಕ್ಕ ಒಳ್ಳೆ ಉತ್ತರಗಳಲ್ಲಿ ಒಂದು ಸಿಲಿಕಾನ್ ನೈಟ್ರೈಡ್ ಅನ್ನೋ ಸೆರಾಮಿಕ್. ಇದರ ಚರಿತ್ರೆ ಮಜವಾಗಿದೆ. 1827ರಲ್ಲಿ ಅಲ್ಯೂಮಿನಿಯಂ ಬೇರ್ಪಡಿಸಿದವನು ಜರ್ಮನಿಯ ವೋಲರ್ (ಅವನಿಗಿಂತ ಎರಡು ವರ್ಷ ಮೊದಲೇ ಡೆನ್ಮಾರ್ಕಿನ ಅರ್ಸ್ಟೆಡ್ ಪ್ರಯತ್ನಿಸಿದ್ದ). 1854ರಲ್ಲಿ ಸೋಡಿಯಂ ಬಳಸಿ ಅದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸೋ ದಾರಿ ತೋರಿಸಿದವನು ಫ್ರಾನ್ಸಿನ ಸೇಂಟ್-ಕ್ಲೇರ್ ದೆವಿಲ್. ಇದೇ ಇಬ್ಬರು ಸೇರಿ 1857ರಲ್ಲಿ, ಇದ್ದಲು ತುಂಬಿದ ಮೂಸೆಯೊಳಗೆ ಇನ್ನೊಂದು ಮೂಸೆ ಇಟ್ಟು, ಅದರಲ್ಲಿ ಸಿಲಿಕಾನ್ ಕಾಯಿಸಿ ಸಿಲಿಕಾನ್ ನೈಟ್ರೈಡ್ ಪಡೆದರು! ಅದರ ಸರಿಯಾದ ಸೂತ್ರ ಬಂದದ್ದು 1879ರಲ್ಲಿ, ಶುಟ್ಜೆನ್‌ಬರ್ಜರನಿಂದ. ಲೋಹವನ್ನೂ ಅದಕ್ಕೆ ಜಗ್ಗದ ವಸ್ತುವನ್ನೂ ಕೊಟ್ಟವರು ಒಬ್ಬರೇ, ಆದರೆ ಅದು ಕೈಗಾರಿಕೆಗೆ ಬರೋಕೆ ಸುಮಾರು ನೂರು ವರ್ಷ ಹಿಡೀತು.

ನಮ್ಮ ಕಡೆ ಅಲ್ಯೂಮಿನಿಯಂ ಬಂದದ್ದು ಪಾತ್ರೆಯ ರೂಪದಲ್ಲೇ. 1898ರಲ್ಲಿ ಮದರಾಸಿನ ಕಲಾಶಾಲೆಯಲ್ಲಿ ಆಲ್ಫ್ರೆಡ್ ಚಾಟರ್ಟನ್ ಅಲ್ಯೂಮಿನಿಯಂ ಪಾತ್ರೆ ಮಾಡಿಸೋಕೆ ಶುರು ಮಾಡಿದ. ಮುಂದೆ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಮೈಸೂರಿನ ಕೈಗಾರಿಕಾ ನಿರ್ದೇಶಕನಾದದ್ದೂ ಇದೇ ಚಾಟರ್ಟನ್. (ಅಂದ ಹಾಗೆ, ಉತ್ತರ ಕರ್ನಾಟಕದಲ್ಲಿ ಅಲ್ಯೂಮಿನಿಯಂ ಪಾತ್ರೆಗೆ 'ಜರ್ಮನ್' ಪಾತ್ರೆ ಅಂತಾರೆ. ವೋಲರ್ ಕೇಳಿದ್ರೆ ಖುಷಿಪಡ್ತಿದ್ದ.) 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್, ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದ ಮೇಲೆ ಅದೇ ಲೋಹ ಇಲ್ಲಿ ವಿಮಾನದ ಲೋಹವಾಯ್ತು.

ಈಗ ಗುಟ್ಟಿನ ವಿಷಯ. ಲೆಕ್ಕದ ಪ್ರಕಾರ ಅಲ್ಯೂಮಿನಿಯಂ ಸಿಲಿಕಾನ್ ನೈಟ್ರೈಡನ್ನೂ ಒಡೀಬೇಕು, ನೈಟ್ರೋಜನ್ ಕಿತ್ಕೊಂಡು ತಾನೇ ನೈಟ್ರೈಡ್ ಆಗಬೇಕು. ಆದ್ರೆ ಎರಕದ 700-750 ಡಿಗ್ರಿಯಲ್ಲಿ ಆ ಕ್ರಿಯೆ ತೀರಾ ನಿಧಾನ. ಮೇಲಾಗಿ ಕೆಸುವಿನೆಲೆ ಮೇಲಿನ ನೀರಿನ ಹಾಗೆ ಲೋಹ ಅದಕ್ಕೆ ಅಂಟೋದೇ ಇಲ್ಲ. ತೊಂದರೆ ಬರೋದು ಗಾಳಿಯಿಂದ. ಗಾಳಿಯಲ್ಲಿ ಕಾದಾಗ ಸಿಲಿಕಾನ್ ನೈಟ್ರೈಡ್ ಮೇಲೆ ಸಿಲಿಕಾದ ತೆಳು ಪೊರೆ ಕಟ್ಟುತ್ತೆ. ಒಳಗಿನದನ್ನ ಆಮ್ಲಜನಕದಿಂದ ಕಾಯೋದು ಅದೇ. ಅಲ್ಯೂಮಿನಿಯಂಗೆ ಮಾತ್ರ ಸಿಲಿಕಾ ಅಂದ್ರೆ ಹಬ್ಬದೂಟ, ಅದರ ಆಮ್ಲಜನಕ ಕಿತ್ಕೊಂಡು ಅಲ್ಯುಮಿನಾ ಆಗಿ ಅಲ್ಲೇ ಅಂಟಿ ಕೂರುತ್ತೆ. ಮಿಶ್ರಲೋಹದಲ್ಲಿ ಮೆಗ್ನೀಸಿಯಂ ಇದ್ರೆ ಇನ್ನೂ ಜೋರು. ರಂಧ್ರಗಳಿರೋ ಅಗ್ಗದ ಬಗೆಯಾದ್ರೆ ಗಾಳಿ ಒಳಗೂ ನುಗ್ಗುತ್ತೆ. ಹಾಗಾಗಿ ಲೋಹದಲ್ಲಿ ಮುಳುಗಿಸಿಟ್ಟ ಕೊಳವೆಯನ್ನ ಎತ್ತಿದಾಗ ಮೊದಲು ನೋಡಬೇಕಾದ್ದು ಮುಳುಗಿದ್ದ ತುದಿಯನ್ನಲ್ಲ, ಗಾಳಿ ಮತ್ತು ಲೋಹ ಎರಡೂ ಮುಟ್ಟೋ ಆ ಗೆರೆಯನ್ನ.