ರಾಜವಂಶದ ಹಕ್ಕು ಮತ್ತು ಕಾಣೆಯಾದ ಕೊಂಡಿ
ವಂಶಾವಳಿಗಳನ್ನು ಶಾಸನತಜ್ಞರು ಒರೆಗೆ ಹಚ್ಚುತ್ತ ಬಂದ ಬಗೆ

ಚಾಲುಕ್ಯರು, ಗಂಗರು, ಕದಂಬರು, ರಾಷ್ಟ್ರಕೂಟರು ತಮ್ಮ ಮೂಲಪುರುಷರೆಂದು ಹೇಳಿಕೊಳ್ಳುವ ಮನೆತನಗಳು ಕರ್ನಾಟಕದಲ್ಲಿ ಬಹಳ ಇವೆ. ದೇಸಗತಿ ವಾಡೆಗಳ ಬಖರುಗಳಲ್ಲಿ, ಪಾಳೆಯಗಾರರ ಕೈಫಿಯತ್ತುಗಳಲ್ಲಿ, ಕಳೆದ ಶತಮಾನದಲ್ಲಿ ಜಾತಿ ಸಂಘಗಳು ಅಚ್ಚು ಹಾಕಿಸಿದ ಚರಿತ್ರೆಗಳಲ್ಲಿ ಈ ಮಾತು ಸಿಗುತ್ತದೆ. ಇದನ್ನು ಕೇಳಿದ ಕೂಡಲೇ ನಂಬುವುದೂ ಸರಿಯಲ್ಲ, ನಕ್ಕು ಬಿಡುವುದೂ ಸರಿಯಲ್ಲ. ಪರೀಕ್ಷಿಸಬೇಕು. ಪರೀಕ್ಷಿಸುವ ದಾರಿಯನ್ನು ನಮ್ಮ ನೆಲದ ಶಾಸನಗಳನ್ನು ಓದಿದವರೇ ಸುಮಾರು 190 ವರ್ಷಗಳಿಂದ ಹಾಕಿಕೊಡುತ್ತ ಬಂದಿದ್ದಾರೆ. ಅವರ ಮುಂದೆ ಮೊದಲು ಬಂದ ಅರ್ಜಿದಾರರು ಸಾಮಾನ್ಯ ಮನೆತನದವರಲ್ಲ, ರಾಜರೇ. ಹನ್ನೊಂದನೇ ಶತಮಾನದ ಅರಸರು ಆರನೇ ಶತಮಾನದ ಅರಸರನ್ನು ತಮ್ಮ ಹಿರಿಯರೆಂದು ತಾಮ್ರದ ಮೇಲೆ ಕೆತ್ತಿಸಿದ್ದರು.

1830ರ ದಶಕದಲ್ಲಿ ಧಾರವಾಡದ ಸೀಮೆಯಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ 595 ಶಾಸನಗಳ ನಕಲು ಮಾಡಿಸಿ, ಅವುಗಳ ಆಧಾರದ ಮೇಲೆ ಚಾಲುಕ್ಯರ ಮೊದಲ ರಾಜಾವಳಿಯನ್ನು ಕಟ್ಟಿದರು. ಅಲ್ಲಿಯವರೆಗೆ ಕಥೆಯಾಗಿದ್ದುದು ಅಂದಿನಿಂದ ಇತಿಹಾಸವಾಯಿತು. ಆದರೆ ಎಲಿಯಟ್ ತಾಮ್ರಪಟ ಹೇಳಿದ್ದನ್ನು ಬಹುಮಟ್ಟಿಗೆ ಹಾಗೆಯೇ ಸ್ವೀಕರಿಸಿದರು. ದಾಖಲೆ ಹಳೆಯದಾದರೆ ಅದರಲ್ಲಿರುವ ಮಾತೂ ನಿಜವೇ ಎಂಬ ನಂಬಿಕೆ ಆಗ ಇತ್ತು. ಈ ನಂಬಿಕೆ ಸಡಿಲವಾಗಲು ಅರ್ಧ ಶತಮಾನ ಬೇಕಾಯಿತು.

ಸಮಸ್ಯೆ ಎಲ್ಲಿದೆ ಎಂಬುದನ್ನು ಒಂದೇ ಉದಾಹರಣೆಯಲ್ಲಿ ನೋಡಬಹುದು. ಬಾದಾಮಿ ಚಾಲುಕ್ಯರ ಕೊನೆಯ ಅರಸ ಇಮ್ಮಡಿ ಕೀರ್ತಿವರ್ಮನ ವಕ್ಕಲೇರಿ ತಾಮ್ರಪಟ 757ರದು. ಆ ಹೊತ್ತಿಗೆ ರಾಷ್ಟ್ರಕೂಟರು ರಾಜ್ಯದ ಬಹುಭಾಗವನ್ನು ಕಿತ್ತುಕೊಂಡಾಗಿತ್ತು. 973ರಲ್ಲಿ ತೈಲಪ ರಾಷ್ಟ್ರಕೂಟರನ್ನು ಸೋಲಿಸಿ ಚಾಲುಕ್ಯ ಪ್ರಭುತ್ವವನ್ನು ಮತ್ತೆ ನಿಲ್ಲಿಸಿದ. ನಡುವೆ ಎರಡು ನೂರಕ್ಕೂ ಹೆಚ್ಚು ವರ್ಷಗಳ ಅಂತರ. ತೈಲಪನ ಮೊಮ್ಮಗ ಐದನೆಯ ವಿಕ್ರಮಾದಿತ್ಯನ 1009ರ ಕೌಠೆಂ ತಾಮ್ರಪಟ ಈ ಅಂತರವನ್ನು ತುಂಬುತ್ತದೆ. ಅಯೋಧ್ಯೆಯಲ್ಲಿ 59 ಮಂದಿ ಚಾಲುಕ್ಯರು ಆಳಿದರು, ಬಳಿಕ ದಕ್ಷಿಣಾಪಥದಲ್ಲಿ 16 ಮಂದಿ. ಸ್ವಲ್ಪ ಕಾಲ ಮರೆಯಾದ ಕುಲವನ್ನು ಜಯಸಿಂಹ ಮತ್ತೆ ಎತ್ತಿ ನಿಲ್ಲಿಸಿದ ಎಂದು ಅದು ಶುರುವಾಗುತ್ತದೆ. ಬಾದಾಮಿಯ ಇಮ್ಮಡಿ ವಿಕ್ರಮಾದಿತ್ಯನಿಗೆ ಭೀಮನೆಂಬ ತಮ್ಮನಿದ್ದ. ಅವನಿಂದ ಕೀರ್ತಿವರ್ಮ, ತೈಲ, ವಿಕ್ರಮಾದಿತ್ಯ, ಭೀಮ, ಅಯ್ಯಣ, ವಿಕ್ರಮಾದಿತ್ಯ, ಆಮೇಲೆ ತೈಲಪ. 1024ರ ಮೀರಜ್ ತಾಮ್ರಪಟದ್ದೂ ಇದೇ ಪಾಠ.

ರಾ. ಗೋ. ಭಂಡಾರಕರ್ 1884ರಲ್ಲಿ ಪ್ರಕಟವಾದ ತಮ್ಮ ದಖ್ಖನ್ ಇತಿಹಾಸದಲ್ಲಿ ಈ ಕೊಂಡಿಯನ್ನು ಶಂಕಿಸಿದರು. ತೈಲಪನ ಮನೆತನ ಬಾದಾಮಿಯ ರಾಜಶಾಖೆಗೆ ಇಷ್ಟು ಹತ್ತಿರದ್ದಲ್ಲ, ಬೇರೊಂದು ಸಾಮಾನ್ಯ ಶಾಖೆಯಿರಬೇಕು ಎಂಬುದು ಅವರ ಅನುಮಾನ. ಬಾದಾಮಿಯವರು ತಪ್ಪದೆ ಹೇಳಿಕೊಳ್ಳುತ್ತಿದ್ದ ಮಾನವ್ಯ ಗೋತ್ರ, ಹಾರೀತಿಪುತ್ರ ಎಂಬ ಮಾತುಗಳನ್ನು ಈ ಮನೆತನ ಬಳಸುವ ರೀತಿಯಲ್ಲಿ ಅವರಿಗೆ ವ್ಯತ್ಯಾಸ ಕಂಡಿತ್ತು. ಕೌಠೆಂ ಪಟವನ್ನು ಸಂಪಾದಿಸಿದ ಜೆ. ಎಫ್. ಫ್ಲೀಟ್ ಇದನ್ನು ಇನ್ನಷ್ಟು ಬಿಗಿಯಾಗಿ ನೋಡಿದರು. ಅವರ ‘ಕನ್ನಡ ಜಿಲ್ಲೆಗಳ ರಾಜವಂಶಗಳು’ 1882ರಲ್ಲಿ ಬಂತು, 1896ರಲ್ಲಿ ಬಹಳ ವಿಸ್ತಾರವಾಗಿ ಮತ್ತೆ ಬಂತು. ಆ ಎರಡು ಆವೃತ್ತಿಗಳ ನಡುವಿನ ವರ್ಷಗಳಲ್ಲೇ ವಂಶಾವಳಿಯ ಪರೀಕ್ಷೆ ಒಂದು ಶಿಸ್ತಾಗಿ ರೂಪುಗೊಂಡಿತು ಎನ್ನಬಹುದು.

ಪರೀಕ್ಷೆಯನ್ನು ನಾವೂ ಮಾಡಿ ನೋಡೋಣ. ಇಮ್ಮಡಿ ವಿಕ್ರಮಾದಿತ್ಯನ ಆಳ್ವಿಕೆ ಮುಗಿದದ್ದು 744ರ ಸುಮಾರಿಗೆ. ಅಲ್ಲಿಂದ 973ಕ್ಕೆ 229 ವರ್ಷ. ಭೀಮನ ನಂತರ ತೈಲಪನವರೆಗೆ ಏಳು ತಲೆಮಾರು. ತಲೆಮಾರಿಗೆ 33 ವರ್ಷ ಬೀಳುತ್ತದೆ. ಸ್ವಲ್ಪ ಉದ್ದ, ಆದರೆ ಅಸಾಧ್ಯವಲ್ಲ. ಅಯ್ಯಣ ರಾಷ್ಟ್ರಕೂಟ ಕೃಷ್ಣನ ಮಗಳನ್ನು ಮದುವೆಯಾದ ಎಂದು ಪಟ ಹೇಳುತ್ತದೆ. ಈತ 878ರಿಂದ 914ರವರೆಗೆ ಆಳಿದ ಇಮ್ಮಡಿ ಕೃಷ್ಣನಾದರೆ, ಅಯ್ಯಣನಿಂದ ತೈಲಪನವರೆಗಿನ ಲೆಕ್ಕ ಸರಿಹೋಗುತ್ತದೆ. ರಾಜನಾಗುವ ಮೊದಲು ತೈಲಪ ಮುಮ್ಮಡಿ ಕೃಷ್ಣನ ಸಾಮಂತನಾಗಿ ತರ್ದವಾಡಿ ಸಾವಿರವನ್ನು ಆಳುತ್ತಿದ್ದ ಎಂಬುದೂ ಗೊತ್ತಿದೆ. ಅಂದರೆ ಕೆಳಗಿನ ಅರ್ಧ ಗಟ್ಟಿಯಾಗಿದೆ. ಮೇಲಿನ ಅರ್ಧ, ಅದರಲ್ಲೂ ಭೀಮನೆಂಬ ಒಬ್ಬನೇ ವ್ಯಕ್ತಿ, ಘಟನೆಯಾದ 265 ವರ್ಷಗಳ ಮೇಲೆ ಬರೆದ ಮಾತಿನ ಮೇಲೆ ನಿಂತಿದೆ. ಬಾದಾಮಿ ಕಾಲದ ತಾಮ್ರಪಟಗಳು ಕೊಡುವ ವಂಶಾವಳಿಯಲ್ಲಿ ಅವನಿಲ್ಲ. ಪಟ್ಟಕ್ಕೆ ಬಾರದ ತಮ್ಮಂದಿರನ್ನು ಅವು ಸಾಮಾನ್ಯವಾಗಿ ಹೆಸರಿಸುವುದಿಲ್ಲವಾದ್ದರಿಂದ ಈ ಮೌನ ಅವನನ್ನು ಅಲ್ಲಗಳೆಯುವುದೂ ಇಲ್ಲ.

ಅಯೋಧ್ಯೆಯ ಮಾತು ಹಾಗಲ್ಲ. ಅದಕ್ಕೆ ಹುಟ್ಟಿದ ಕಾಲವೇ ಇದೆ. ಬಾದಾಮಿಯವರ ಶಾಸನಗಳಲ್ಲಿ ಅದಿಲ್ಲ. 602ರ ಮಹಾಕೂಟ ಸ್ತಂಭಶಾಸನ ಜಯಸಿಂಹ, ರಣರಾಗ, ಪುಲಕೇಶಿ ಎಂದು ಹೇಳುತ್ತದೆ; ಅಯೋಧ್ಯೆಯ ರಾಜಪರಂಪರೆಯ ಪ್ರಸ್ತಾಪವಿಲ್ಲ. ಇಮ್ಮಡಿ ಪುಲಕೇಶಿಯ ತಮ್ಮ ಕುಬ್ಜ ವಿಷ್ಣುವರ್ಧನನಿಂದ ಬೆಳೆದ ವೆಂಗಿಯ ಚಾಲುಕ್ಯರು ನಾಲ್ಕು ಶತಮಾನ ಕಾಲ ಪ್ರತಿ ಅರಸನ ಹೆಸರು, ಆಳಿದ ವರ್ಷಗಳ ಲೆಕ್ಕ ಬರೆಯುತ್ತ ಬಂದರು. ಅವರೂ ಅಯೋಧ್ಯೆಯನ್ನು ನೆನೆದಿರಲಿಲ್ಲ. ಹನ್ನೊಂದನೇ ಶತಮಾನದ ಆರಂಭದಲ್ಲಿ ವಿಮಲಾದಿತ್ಯನ ರಣಸ್ತಿಪೂಂಡಿ ಶಾಸನದಲ್ಲಿ ಇದ್ದಕ್ಕಿದ್ದಂತೆ ಅದೇ 59 ಚಕ್ರವರ್ತಿಗಳು ಬರುತ್ತಾರೆ. ತೈಲಪನ ಮನೆತನ, ವೆಂಗಿ ಎರಡೂ ಕಡೆ ಒಂದೇ ಕಾಲಕ್ಕೆ, ಒಂದೇ ಸಂಖ್ಯೆಯೊಂದಿಗೆ ಮೂಡಿದ ಈ ಕಥೆ ಆ ಕಾಲದ ಆಸ್ಥಾನಗಳ ರಚನೆಯೇ ಹೊರತು ಐದು ನೂರು ವರ್ಷಗಳ ನೆನಪಲ್ಲ. ಇದರಲ್ಲಿ ನನಗೆ ಸಂಶಯವಿಲ್ಲ.

ಗಂಗರ ವಿಷಯದಲ್ಲಿ ಜಗಳ ಇನ್ನೂ ಜೋರಾಗಿತ್ತು. ಬೆಂಗಳೂರಿನಲ್ಲೇ ಹುಟ್ಟಿದ ಬಿ. ಎಲ್. ರೈಸ್ ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳನ್ನು ಹೊರತರುತ್ತ ಗಂಗರ ತಾಮ್ರಪಟಗಳನ್ನು ನಂಬಿ ಆ ಕುಲದ ಆದಿಚರಿತ್ರೆ ಬರೆದರು. ಫ್ಲೀಟ್ ಅವುಗಳಲ್ಲಿ ಹೆಚ್ಚಿನವು ಕೂಟ, ಅಂದರೆ ಖೋಟಾ, ಶಾಸನಗಳೆಂದರು. ಪ್ರಸಿದ್ಧವಾದದ್ದು ಮಡಿಕೇರಿ ತಾಮ್ರಪಟ. ತಲಕಾಡಿನ ಜಿನಾಲಯಕ್ಕೆ ಬದನೆಗುಪ್ಪೆ ಗ್ರಾಮವನ್ನು ಕೊಟ್ಟ ಈ ದಾನಪತ್ರ ಅವಿನೀತನ ಹೆಸರಿನಲ್ಲಿದೆ, ವರ್ಷ 388. ಶಕವೆಂದು ಹಿಡಿದರೆ ಕ್ರಿ.ಶ. 466. ಆದರೆ ಅದರ ಲಿಪಿ ಹಲವು ಶತಮಾನ ಈಚಿನದು. ಅದರಲ್ಲಿ ಬರುವ ಅಕಾಲವರ್ಷ ಪೃಥುವೀವಲ್ಲಭನ ಮಂತ್ರಿಯಂತೂ ಗುಟ್ಟನ್ನೇ ಬಿಟ್ಟುಕೊಡುತ್ತಾನೆ. ಅಕಾಲವರ್ಷ ಎಂಬುದು ರಾಷ್ಟ್ರಕೂಟರ ಬಿರುದು, ರಾಷ್ಟ್ರಕೂಟರು ಸಾಮ್ರಾಜ್ಯಕ್ಕೆ ಬಂದದ್ದು ಎಂಟನೇ ಶತಮಾನದಲ್ಲಿ. ತಿಥಿಯನ್ನೂ ನೋಡಿ: ಮಾಘ ಶುದ್ಧ ಪಂಚಮಿ, ಸ್ವಾತಿ ನಕ್ಷತ್ರ. ಮಾಘದ ಹುಣ್ಣಿಮೆಗೆ ಚಂದ್ರ ಮಖೆಯ ಹತ್ತಿರ ಇರುತ್ತಾನೆ, ಅದಕ್ಕೆ ಹತ್ತು ದಿನ ಮೊದಲು ರೇವತಿಯ ಆಸುಪಾಸಿನಲ್ಲಿ. ಸ್ವಾತಿ ಬರುವುದು ಹುಣ್ಣಿಮೆ ಕಳೆದ ಮೇಲೆ. ಮನೆಯಲ್ಲಿ ಪಂಚಾಂಗ ಇರುವ ಯಾರಾದರೂ ಇದನ್ನು ತಾಳೆ ನೋಡಬಹುದು.

ಇಂಥ ಲೆಕ್ಕಕ್ಕೆ ಬಲ ಬಂದದ್ದು 1896ರಲ್ಲಿ ರಾಬರ್ಟ್ ಸೀವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತರು ‘ಇಂಡಿಯನ್ ಕ್ಯಾಲೆಂಡರ್’ ಪ್ರಕಟಿಸಿದ ಮೇಲೆ. ಸ್ವಾಮಿಕಣ್ಣು ಪಿಳ್ಳೆಯವರ ಕೋಷ್ಟಕಗಳು ಕೆಲಸವನ್ನು ಇನ್ನೂ ಸುಲಭ ಮಾಡಿದವು. ಫ್ಲೀಟ್ ಕೂಡ ಹಟ ಹಿಡಿದು ಕೂರಲಿಲ್ಲ. ಗಂಗ ಮಾಧವನ ಪೆನುಕೊಂಡ ತಾಮ್ರಪಟ ಸಿಕ್ಕಿದಾಗ ಅದು ಅಸಲಿಯೆಂದು ಒಪ್ಪಿದರು. ಕೂಟ ಪಟಗಳ ರಾಶಿಯ ನಡುವೆಯೂ ಗಂಗರ ಮೊದಲ ಅರಸರು ನಿಜವಾಗಿ ಇದ್ದವರೇ ಎಂಬುದು ಹೀಗೆ ಸ್ಥಿರಪಟ್ಟಿತು. 1984ರಲ್ಲಿ ಕೆ. ವಿ. ರಮೇಶರು ಗಂಗರ ಶಾಸನಗಳನ್ನೆಲ್ಲ ಒಂದೆಡೆ ತಂದು ಅಸಲಿ ಯಾವುದು, ಕೂಟ ಯಾವುದು ಎಂದು ವಿಚಾರಿಸಿದ್ದಾರೆ.

ಕಾವ್ಯವೂ ಸಾಕ್ಷಿಗೆ ಬಂದಿದೆ. 941ರಲ್ಲಿ ಪಂಪ ತನ್ನ ಭಾರತದಲ್ಲಿ ವೇಮುಲವಾಡದ ಅರಿಕೇಸರಿಯ ವಂಶವನ್ನು ಸಪಾದಲಕ್ಷದ ಯುದ್ಧಮಲ್ಲನಿಂದ ಹೇಳುತ್ತಾನೆ. 966ರ ಪರಭಣಿ ತಾಮ್ರಪಟದ ಕ್ರಮ ಇದಕ್ಕೆ ಬಹುತೇಕ ಹೊಂದುತ್ತದೆ. ಇದು ಸಂತೋಷದ ವಿಷಯ. ಆದರೂ ಎರಡೂ ಒಂದೇ ಆಸ್ಥಾನದ ಪ್ರಶಸ್ತಿಯಿಂದ ಹುಟ್ಟಿರಬಹುದು ಎಂಬ ಎಚ್ಚರ ಬೇಕು. ಒಂದೇ ಬಾಯಿಂದ ಬಂದ ಎರಡು ಮಾತನ್ನು ಎರಡು ಸಾಕ್ಷಿಯೆಂದು ಎಣಿಸುವಂತಿಲ್ಲ.

ಕಳಿಂಗದ ಗಂಗರದು ನಮಗೆ ಹತ್ತಿರದ ಪ್ರಕರಣ. ಅನಂತವರ್ಮ ಚೋಡಗಂಗನ 1118ರ ವಿಶಾಖಪಟ್ಟಣ ತಾಮ್ರಪಟದ ಪ್ರಕಾರ ಅವನ ಹಿರಿಯರು ಗಂಗವಾಡಿಯ ಕೋಲಾಹಲಪುರದವರು, ಅಂದರೆ ಕೋಲಾರದವರು. ಕಾಮಾರ್ಣವ ತಮ್ಮಂದಿರೊಡನೆ ಕಳಿಂಗಕ್ಕೆ ಹೋದ. ಆ ಮನೆತನದ ಹಳೆಯ ಪಟಗಳು ಮಹೇಂದ್ರಗಿರಿಯ ಗೋಕರ್ಣಸ್ವಾಮಿಯನ್ನು ನೆನೆಯುತ್ತವೆ, ಕೋಲಾರವನ್ನಲ್ಲ. ಕೋಲಾರಕ್ಕೂ ಕಳಿಂಗಕ್ಕೂ ನೆಂಟಸ್ತನ ಕಟ್ಟುವ ಆಸೆ ನಮಗೆ ಸಹಜ, ಆದರೆ ಸಾಕ್ಷ್ಯ ಅಷ್ಟು ದೂರ ಬರುವುದಿಲ್ಲ. ಕದಂಬರದೂ ಹೀಗೆಯೇ. ತಾಳಗುಂದದ ಶಾಸನದಲ್ಲಿ ಮಯೂರಶರ್ಮ ಓದಲು ಕಂಚಿಗೆ ಹೋದ ಬ್ರಾಹ್ಮಣ. ಹಾನಗಲ್ಲು, ಗೋವೆಗಳ ಕದಂಬರ ಕಾಲಕ್ಕೆ ಮೂಲಪುರುಷ ಮೂರು ಕಣ್ಣಿನವನಾಗಿದ್ದಾನೆ.

1970ರ ದಶಕದಲ್ಲಿ ಪ್ರಶ್ನೆ ತಿರುಗಿತು. ತೆರವಾದ ಕಾಲವನ್ನು ತುಂಬಲು ಇತಿಹಾಸಕಾರರೇ ಇಲ್ಲದ ರಾಜವಂಶಗಳನ್ನು ಹೇಗೆ ಕಟ್ಟುತ್ತಾರೆಂದು ಡೇವಿಡ್ ಹೆನಿಗೆ 1975ರಲ್ಲಿ ತೋರಿಸಿದರು. ಮರುವರ್ಷ ಬಿ. ಡಿ. ಚಟ್ಟೋಪಾಧ್ಯಾಯರು ರಜಪೂತರ ಮೂಲದ ಬಗ್ಗೆ ಬರೆದರು. ಸಾಮಂತರು ಬಲಿತಂತೆ ವಂಶಾವಳಿಯೂ ಹಂತಹಂತವಾಗಿ ಎತ್ತರಕ್ಕೆ ಏರುವುದನ್ನು ಶಾಸನಗಳಿಂದಲೇ ಬಿಡಿಸಿಟ್ಟರು. ಅಲ್ಲಿಂದ ಈಚೆಗೆ ವಂಶಾವಳಿಯನ್ನು ಅದು ಹೇಳುವ ಕಾಲಕ್ಕಿಂತ ಬರೆಯಿಸಿದ ಕಾಲದ ಸಾಕ್ಷಿಯಾಗಿ ಓದುವುದು ರೂಢಿಯಾಯಿತು.

ಇಂದಿನ ಮನೆತನಗಳ ಹಕ್ಕಿಗೂ ಇದೇ ಅಳತೆ. ಎತ್ತಿನ ಮೇಲೆ ಕುಳಿತು ಊರೂರು ತಿರುಗುವ ಹೆಳವರು ಒಕ್ಕಲು ಮನೆತನಗಳ ಪೀಳಿಗೆ ಹೇಳುತ್ತಾರೆ. ಅವರ ಹೊತ್ತಿಗೆಗಳು ಅಮೂಲ್ಯ. ಈಚಿನ ತಲೆಮಾರುಗಳನ್ನು ಭೂದಾಖಲೆಗಳ ಜೊತೆ, 1850ರ ದಶಕದಲ್ಲಿ ಮುಂಬಯಿ ಪ್ರಾಂತದ ಇನಾಂ ವಿಚಾರಣೆಗೆ ಮನೆತನಗಳು ಒಪ್ಪಿಸಿದ ಸನದು, ವಂಶವೃಕ್ಷಗಳ ಜೊತೆ ಹೋಲಿಸಬಹುದು. ನಡುವೆ ದತ್ತು ಬಂದಿದೆಯೇ ಎಂಬುದನ್ನು ಮರೆಯದೆ ಕೇಳಬೇಕು. ಮೈಸೂರಿನಲ್ಲೇ ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ದತ್ತು ತೆಗೆದುಕೊಂಡರು. ದತ್ತು ಧರ್ಮಸಮ್ಮತ ವಾರಸುದಾರಿಕೆ, ರಕ್ತಸಂಬಂಧದ ಪುರಾವೆಯಲ್ಲ.

ಡಿಎನ್‌ಎ ಪರೀಕ್ಷೆಯಿಂದ ಇತ್ಯರ್ಥವಾಗುತ್ತದೆ ಎಂಬ ಮಾತು ಈಗ ಕೇಳಿಬರುತ್ತಿದೆ. ಇಂಗ್ಲೆಂಡಿನಲ್ಲಿ 2012ರಲ್ಲಿ ಸಿಕ್ಕ ಮೂರನೆಯ ರಿಚರ್ಡನ ಎಲುಬುಗಳು ತಾಯಿಯ ಕಡೆಯ ಸಂಬಂಧಿಕರೊಂದಿಗೆ ಹೊಂದಿದವು. ತಂದೆಯ ಕಡೆಯವರೆಂದು ದಾಖಲೆಯಲ್ಲಿದ್ದವರೊಂದಿಗೆ ಹೊಂದಲಿಲ್ಲ. ಅಲ್ಲಿ ಹೋಲಿಸಲು ಎಲುಬಾದರೂ ಇತ್ತು. ಶವಸಂಸ್ಕಾರ ದಹನದಿಂದ ನಡೆಯುತ್ತಿದ್ದ ನಮ್ಮ ರಾಜಕುಲಗಳಲ್ಲಿ ಅದೂ ಇಲ್ಲ. ಇಬ್ಬರಿಗೆ ಒಬ್ಬನೇ ಪೂರ್ವಜ ಎಂದು ಡಿಎನ್‌ಎ ಹೇಳಬಲ್ಲದು, ಅವನ ಹೆಸರು ಪುಲಕೇಶಿ ಎಂದು ಹೇಳಲಾರದು.

ಎಂಟನೇ ಶತಮಾನದಿಂದ ಇಂದಿನವರೆಗೆ, ತಲೆಮಾರು ತಪ್ಪದೆ, ಆಯಾ ಕಾಲದ ದಾಖಲೆಯ ಬೆಂಬಲವಿರುವ ವಂಶಾವಳಿಯೊಂದನ್ನೂ ನಾನು ಕಂಡಿಲ್ಲ. ಇದರಿಂದ ಯಾವ ಮನೆತನದ ಮರ್ಯಾದೆಯೂ ಕುಂದುವುದಿಲ್ಲ. ನಾಲ್ಕು ನೂರು ವರ್ಷಗಳ ನಿಜವಾದ ಚರಿತ್ರೆಯೂ ದೊಡ್ಡದೇ. ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ತಾಮ್ರಪಟವೋ ಹಳೆಯ ಕಡತವೋ ಇದ್ದರೆ ದಯವಿಟ್ಟು ಹುಣಸೆಹಣ್ಣು ಹಚ್ಚಿ ಉಜ್ಜಬೇಡಿ, ಉಂಗುರ ಮತ್ತು ಮುದ್ರೆಯನ್ನು ಬಿಡಿಸಬೇಡಿ. ಫೋಟೋ ತೆಗೆಸಿ, ಮೈಸೂರಿನಲ್ಲಿರುವ ಭಾರತೀಯ ಪುರಾತತ್ವ ಸರ್ವೇಕ್ಷಣದ ಶಾಸನ ವಿಭಾಗಕ್ಕೋ ಹತ್ತಿರದ ವಿಶ್ವವಿದ್ಯಾಲಯದ ಶಾಸನತಜ್ಞರಿಗೋ ತೋರಿಸಿ ಓದಿಸಿ.