ರೆಕ್ಕೆಯ ಕೀಲು

ಕೀಲುಕುದುರೆಯನ್ನೇರಿ ಏಳು ಸಮುದ್ರ ದಾಟಿದ ರಾಜಕುಮಾರನ ಕಥೆಯನ್ನು ನಾವೆಲ್ಲ ಚಿಕ್ಕಂದಿನಲ್ಲಿ ಕೇಳಿದವರೇ. ಅಲ್ಲಿ ಕುದುರೆಯನ್ನು ಮಾಡಿದವನು ಬಡಗಿ, ಏರಿದವನು ರಾಜಕುಮಾರ. ಮನೆಯಲ್ಲೇ ವಿಮಾನ ಕಟ್ಟುವ ಹವ್ಯಾಸಿಗಳ ಚರಿತ್ರೆಯಲ್ಲಿ ಬಡಗಿಯೂ ಸವಾರನೂ ಒಬ್ಬನೇ. ಕೀಲು ತಪ್ಪಿದರೆ ದಂಡ ತೆರುವವನೂ ಅವನೇ.

1933ರಲ್ಲಿ ಫ್ರಾನ್ಸಿನ ಆಂರಿ ಮಿನ್ಯೆ ಒಂದು ಪುಟ್ಟ ವಿಮಾನವನ್ನು ಹಾರಿಸಿದನು. ಫ್ರೆಂಚರು ಅದನ್ನು 'ಆಕಾಶದ ಹೇನು' ಎಂದರು. ಇಂಗ್ಲಿಷರು 'ಹಾರುವ ಚಿಗಟ' ಎಂದರು. ಮರುವರ್ಷ ಅವನು ಅದನ್ನು ಕಟ್ಟುವ ವಿಧಾನವನ್ನು ಪುಸ್ತಕವಾಗಿ ಪ್ರಕಟಿಸಲು, ನೂರಾರು ಜನ ಉಳಿ ಸುತ್ತಿಗೆ ಹಿಡಿದರು. ಅದರ ಮುಂದಿನ ರೆಕ್ಕೆಯೇ ಕೀಲಿನ ಮೇಲೆ ನಿಂತಿತ್ತು. ಹಿಡಿಯನ್ನು ಎಳೆದರೆ ಇಡೀ ರೆಕ್ಕೆ ಓರೆಯಾಗಿ ವಿಮಾನ ಮೇಲೇರುತ್ತಿತ್ತು. ಆದರೆ 1935-36ರಲ್ಲಿ ಒಂದರ ಮೇಲೊಂದು ಅಪಘಾತಗಳಾಗಿ ಹಲವರು ಸತ್ತರು. 1936ರಲ್ಲಿ ಬ್ರಿಟನ್ ಹಾಗೂ ಫ್ರಾನ್ಸಿನ ದೊಡ್ಡ ಗಾಳಿಸುರಂಗಗಳಲ್ಲಿ ಪರೀಕ್ಷಿಸಿದಾಗ ಕಾರಣ ತಿಳಿಯಿತು: ಮೂತಿ ಒಂದು ಮಿತಿ ಮೀರಿ ಬಾಗಿದರೆ, ಹಿಡಿಯನ್ನು ಪೂರ್ತಿ ಎಳೆದರೂ ಅದು ಮೇಲೇಳುತ್ತಿರಲಿಲ್ಲ. ಕೈಕೆಲಸ ಎಷ್ಟೇ ಅಚ್ಚುಕಟ್ಟಾಗಿದ್ದರೂ ಈ ದೋಷ ಹೋಗುವಂತಿರಲಿಲ್ಲ. ಅದು ನಕ್ಷೆಯಲ್ಲೇ ಇತ್ತು.

ಹವ್ಯಾಸವೇನೋ ಸಾಯಲಿಲ್ಲ. 1953ರಲ್ಲಿ ಪಾಲ್ ಪೊಬೆರೆಜ್ನಿ ಅಮೆರಿಕದ ಮಿಲ್ವಾಕಿಯಲ್ಲಿ ಇಂಥವರದೊಂದು ಸಂಘವನ್ನು ಕಟ್ಟಿದನು. 1973ರಲ್ಲಿ ಆರೆಗಾನ್ ರಾಜ್ಯದ ರಿಚರ್ಡ್ ವ್ಯಾನ್‌ಗ್ರುನ್ಸ್‌ವೆನ್, ತಾನೇ ಹಾರಿಸಿ ನೋಡಿದ ಆರ್‌ವಿ-3 ವಿಮಾನದ ನಕ್ಷೆಯನ್ನೂ ಭಾಗಗಳನ್ನೂ ಮಾರತೊಡಗಿದನು. ನಕ್ಷೆಯ ಭಾರ ಹೀಗೆ ಹೆಗಲಿನಿಂದ ಇಳಿಯಿತು. ಜೋಡಣೆಯ ಭಾರ ಮಾತ್ರ ಕಟ್ಟುವವನಿಗೇ ಉಳಿಯಿತು.

ರೆಕ್ಕೆಯ ಹಿಂಬದಿಯ ಫ್ಲಾಪನ್ನೇ ನೋಡೋಣ. ಇಳಿಯುವಾಗ ಇದು ಕೆಳಕ್ಕೆ ಬಾಗಿ, ಕಡಿಮೆ ವೇಗದಲ್ಲೂ ವಿಮಾನವನ್ನು ಎತ್ತಿಹಿಡಿಯುತ್ತದೆ. ಆರ್ವಿಲ್ ರೈಟ್ ಕೂಡ ಜೇಮ್ಸ್ ಜೇಕಬ್ಸ್‌ನೊಡನೆ 1924ರಲ್ಲಿ ಒಂದು ಬಗೆಯ ಫ್ಲಾಪಿಗೆ ಪೇಟೆಂಟ್ ಪಡೆದಿದ್ದನು. ಆರ್‌ವಿ ಮಾಲೆಯ ಅನೇಕ ವಿಮಾನಗಳಲ್ಲಿ ಇದನ್ನು ಹಿಡಿದಿರುವುದು ಪಿಯಾನೊ ಮುಚ್ಚಳಕ್ಕಿರುವಂಥ ಉದ್ದನೆಯ ಬಿಜಾಗರಿ. ಅದರ ಒಂದು ಪಟ್ಟಿ ರೆಕ್ಕೆಗೆ, ಇನ್ನೊಂದು ಫ್ಲಾಪಿಗೆ. ನಡುವಿನ ಕಣ್ಣುಗಳಲ್ಲಿ ಒಂದು ತಂತಿ.

ಕಟ್ಟುವವನು ಫ್ಲಾಪನ್ನು ಹಿಡಿಕೆಗಳಿಂದ ಬಿಗಿದು, ಅದರ ಹಿಂಅಂಚನ್ನು ಪಕ್ಕದ ಐಲೆರಾನಿನ ಅಂಚಿಗೆ ಸರಿಹೊಂದಿಸುತ್ತಾನೆ. ವಿಮಾನದ ಒಡಲಿಗೆ ಉಜ್ಜದಂತೆ ಸಂದು ಬಿಡುತ್ತಾನೆ. ರಂಧ್ರದ ನಡುಬಿಂದು ತಗಡಿನ ಅಂಚಿನಿಂದ ರಿವೆಟ್ಟಿನ ವ್ಯಾಸದ ಎರಡರಷ್ಟಾದರೂ ಒಳಗಿರಬೇಕು. ಇಲ್ಲವಾದರೆ ಅಂಚು ಹರಿದೀತು. ಒಂದು ತೂತು ಕೊರೆದು, ಅಳೆದು, ಮತ್ತೊಂದಕ್ಕೆ ಕೈಹಾಕುತ್ತಾನೆ. ಬಿಜಾಗರಿ ಸೊಟ್ಟಗಾದರೆ ತಂತಿ ಬಿಗಿಯುತ್ತದೆ. ಎಡಬಲದ ಫ್ಲಾಪುಗಳು ಸಮವಾಗಿ ಇಳಿಯದಿದ್ದರೆ, ನೆಲ ಹತ್ತಿರವಿರುವ ಹೊತ್ತಿನಲ್ಲೇ ವಿಮಾನ ಒಂದು ಮಗ್ಗುಲಿಗೆ ವಾಲುತ್ತದೆ.

ಕಥೆಯ ಕೀಲುಕುದುರೆಗೆ ಮಂತ್ರವಿದ್ದೀತು. ಇಲ್ಲಿರುವುದು ಅಳತೆಗೋಲು ಮತ್ತು ತಾಳ್ಮೆ. ಮಿನ್ಯೆಯ ಪುಸ್ತಕವನ್ನು ನಂಬಿ ಮಡಿದವರಿಗೆ ತಮ್ಮ ವಿಮಾನದ ದೋಷ ಮೊದಲೇ ತಿಳಿಯುವ ದಾರಿಯಿರಲಿಲ್ಲ. ಇಂದು ಕಟ್ಟುವವನ ಕೈಗೆ ಮಾತ್ರ, ಸೊಟ್ಟ ಬಿಜಾಗರಿಯ ತಂತಿ ನೆಲದ ಮೇಲೇ ಸುದ್ದಿ ಕೊಡುತ್ತದೆ. ತಂತಿ ಬಿಗಿದಾಗ ಸುತ್ತಿಗೆಯಿಂದ ಬಡಿಯದೆ, ಬಿಚ್ಚಿ ಮತ್ತೆ ಅಳೆಯುವವನೇ ಸವಾರನಾಗಲು ತಕ್ಕವನು ಎಂದು ನಮಗೆ ತೋರುತ್ತದೆ.