ಟೈಮ್‌ಲೈನ್ (ಕಾದಂಬರಿ)

ಟೈಮ್‌ಲೈನ್ ಎಂಬುದು ಅಮೆರಿಕದ ಲೇಖಕ ಮೈಕೆಲ್ ಕ್ರೈಟನ್ (1942–2008) ಇಂಗ್ಲಿಷಿನಲ್ಲಿ ಬರೆದ ವೈಜ್ಞಾನಿಕ ಸಾಹಸ ಕಾದಂಬರಿ. ಇದನ್ನು 1999ರ ನವೆಂಬರ್ ತಿಂಗಳಲ್ಲಿ ನ್ಯೂಯಾರ್ಕಿನ ಆಲ್ಫ್ರೆಡ್ ಎ. ನಾಫ್ ಸಂಸ್ಥೆ ಪ್ರಕಟಿಸಿತು. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಬದುಕುತ್ತಿರುವ ಇತಿಹಾಸದ ವಿದ್ಯಾರ್ಥಿಗಳು ತಮ್ಮ ಪ್ರಾಧ್ಯಾಪಕನನ್ನು ಹುಡುಕಿಕೊಂಡು 1357ರ ಫ್ರಾನ್ಸಿಗೆ ಹೋಗುವುದು ಇದರ ಕಥಾವಸ್ತು. ಪುಸ್ತಕ ವ್ಯಾಪಕವಾಗಿ ಮಾರಾಟವಾಯಿತಾದರೂ ಓದುಗರ ಅಭಿಪ್ರಾಯ ಒಂದೇ ಬಗೆಯದಾಗಿರಲಿಲ್ಲ. ಮಧ್ಯಯುಗದ ಚಿತ್ರಣವನ್ನೂ ಕಥೆಯ ವೇಗವನ್ನೂ ಮೆಚ್ಚಿದವರೇ ಪಾತ್ರರಚನೆಯನ್ನೂ ಕಾಲಪ್ರಯಾಣದ ತರ್ಕವನ್ನೂ ಪ್ರಶ್ನಿಸಿದ್ದಾರೆ.

ಹಿನ್ನೆಲೆ

ಕ್ರೈಟನ್ ಹಾರ್ವರ್ಡ್ ವೈದ್ಯಕೀಯ ಶಾಲೆಯಲ್ಲಿ ಓದಿದವರು. ಹೊಸ ತಂತ್ರಜ್ಞಾನವೊಂದು ಲಾಭಕೋರ ಸಂಸ್ಥೆಯ ಕೈಗೆ ಸಿಕ್ಕಿ ಅಪಾಯಕ್ಕೆ ಎಡೆಮಾಡುವುದು ಅವರ ಅನೇಕ ಕಾದಂಬರಿಗಳ ಸಾಮಾನ್ಯ ವಸ್ತು. 1990ರ ಜುರಾಸಿಕ್ ಪಾರ್ಕ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಅಲ್ಲಿ ಡೈನೋಸಾರ್‌ಗಳನ್ನು ಮರುಸೃಷ್ಟಿಸಿದರೆ ಇಲ್ಲಿ ಗತಕಾಲವೇ ಸಂಸ್ಥೆಯೊಂದರ ಸರಕಾಗುತ್ತದೆ.

ಕಾಲಪ್ರಯಾಣದ ಕಥೆಗಳಿಗೆ ಇಂಗ್ಲಿಷಿನಲ್ಲಿ ದೀರ್ಘ ಪರಂಪರೆಯಿದೆ. ಮಾರ್ಕ್ ಟ್ವೇನ್ ತಮ್ಮ 1889ರ ಕಾದಂಬರಿಯಲ್ಲಿ ಅಮೆರಿಕನ್ನನೊಬ್ಬನನ್ನು ಆರ್ಥರ್ ದೊರೆಯ ಆಸ್ಥಾನಕ್ಕೆ ಕಳುಹಿಸಿದರು. ಎಚ್. ಜಿ. ವೆಲ್ಸ್ ಅವರ ದಿ ಟೈಮ್ ಮಷೀನ್ 1895ರಲ್ಲಿ ಪ್ರಕಟವಾಯಿತು. ಕಾನೀ ವಿಲ್ಲಿಸ್ ಅವರ ಡೂಮ್ಸ್‌ಡೇ ಬುಕ್ (1992) ಹದಿನಾಲ್ಕನೆಯ ಶತಮಾನದ ಇಂಗ್ಲೆಂಡಿಗೆ ಹೋದ ಆಕ್ಸ್‌ಫರ್ಡ್ ವಿದ್ಯಾರ್ಥಿನಿಯ ಕಥೆ. ವಸ್ತುವಿನ ಸಾಮ್ಯದಿಂದಾಗಿ ಟೈಮ್‌ಲೈನ್ ಅನ್ನು ಈ ಕಾದಂಬರಿಯೊಡನೆ ಹೋಲಿಸುವುದು ವಾಡಿಕೆ.

ಕಥಾಸಾರ

ಅಮೆರಿಕದ ಮರುಭೂಮಿಯಲ್ಲಿ ದಾರಿತಪ್ಪಿದ ವೃದ್ಧನೊಬ್ಬ ಪ್ರವಾಸಿ ದಂಪತಿಗೆ ಸಿಗುತ್ತಾನೆ. ಅವನು ಆಸ್ಪತ್ರೆಯಲ್ಲಿ ಸಾಯುತ್ತಾನೆ. ಅವನ ದೇಹದ ರಕ್ತನಾಳಗಳು ಒಂದಕ್ಕೊಂದು ಸರಿಯಾಗಿ ಕೂಡಿಕೊಂಡಿಲ್ಲವೆಂದು ವೈದ್ಯರಿಗೆ ಕಂಡುಬರುತ್ತದೆ. ಅವನು ಐಟಿಸಿ ಎಂಬ ಕಲ್ಪಿತ ಸಂಸ್ಥೆಯ ಭೌತವಿಜ್ಞಾನಿ.

ಇದೇ ಸಂಸ್ಥೆಯ ಹಣದಿಂದ ಫ್ರಾನ್ಸಿನ ಡೋರ್ಡೋನ್ ಪ್ರದೇಶದಲ್ಲಿ ಪುರಾತತ್ತ್ವ ಉತ್ಖನನವೊಂದು ನಡೆಯುತ್ತಿರುತ್ತದೆ. ಪ್ರಾಧ್ಯಾಪಕ ಎಡ್ವರ್ಡ್ ಜಾನ್‌ಸ್ಟನ್ ಅದರ ಮುಖ್ಯಸ್ಥ. ಸಂಸ್ಥೆಯ ಬಗ್ಗೆ ಸಂಶಯಗೊಂಡು ಆತ ನ್ಯೂ ಮೆಕ್ಸಿಕೋಗೆ ಹೊರಟುಹೋದ ಬಳಿಕ, ಅಗೆತದ ಸ್ಥಳದಲ್ಲಿ ಅವನ ಕನ್ನಡಕದ ಗಾಜೂ ಸಹಾಯ ಕೋರಿ ಅವನದೇ ಕೈಬರಹದಲ್ಲಿ ಬರೆದ ಚರ್ಮಪತ್ರವೂ ದೊರೆಯುತ್ತವೆ. ಪತ್ರದ ಮೇಲಿನ ವರ್ಷ 1357.

ಆಂದ್ರೆ ಮಾರೆಕ್, ಕ್ರಿಸ್ ಹ್ಯೂಸ್ ಮತ್ತು ಕೇಟ್ ಎರಿಕ್ಸನ್ ಎಂಬ ಮೂವರು ಐಟಿಸಿಯ ಯಂತ್ರದ ಮೂಲಕ ಆ ಕಾಲಕ್ಕೆ ಹೋಗುತ್ತಾರೆ. ಡೇವಿಡ್ ಸ್ಟರ್ನ್ ಹಿಂದೆಯೇ ಉಳಿಯುತ್ತಾನೆ. ತಲುಪಿದ ಕೆಲವೇ ನಿಮಿಷಗಳಲ್ಲಿ ಬೆಂಗಾವಲಿನವರಿಬ್ಬರೂ ಸಾಯುತ್ತಾರೆ. ಮರಳಿ ಬರಲು ಉಳಿಯುವುದು 37 ಗಂಟೆಗಳ ಅವಧಿ ಮಾತ್ರ. ಕ್ಯಾಸಲ್‌ಗಾರ್ಡ್ ಕೋಟೆಯ ಒಡೆಯ ಆಲಿವರ್‌ಗೂ ಅವನ ಮೇಲೆ ದಂಡೆತ್ತಿ ಬಂದ ಆರ್ನೋ ಡಿ ಸರ್ವೋಲ್‌ಗೂ ನಡೆಯುವ ಕಾಳಗದ ನಡುವೆ ಅವರು ಸಿಕ್ಕಿಕೊಳ್ಳುತ್ತಾರೆ. ಲಾ ರೋಕ್ ಕೋಟೆಯ ಗುಪ್ತಮಾರ್ಗದ ಹುಡುಕಾಟ, ಕುದುರೆಯ ಮೇಲಿನ ಈಟಿಕಾಳಗ ಮತ್ತು ಮುತ್ತಿಗೆ ಕಥೆಯ ಮುಖ್ಯ ಘಟ್ಟಗಳು.

ಅಂತ್ಯದಲ್ಲಿ ಪ್ರಾಧ್ಯಾಪಕ, ಕ್ರಿಸ್ ಮತ್ತು ಕೇಟ್ ಮರಳುತ್ತಾರೆ. ಮಧ್ಯಯುಗದ ಭಾಷೆ, ಆಯುಧ, ನಡೆನುಡಿಗಳನ್ನು ಬಾಳಿನುದ್ದಕ್ಕೂ ಅಭ್ಯಾಸ ಮಾಡಿದ್ದ ಮಾರೆಕ್ ಮಾತ್ರ ತನ್ನ ಇಚ್ಛೆಯಿಂದ ಅಲ್ಲಿಯೇ ಉಳಿದು ಲೇಡಿ ಕ್ಲೇರಳನ್ನು ಮದುವೆಯಾಗುತ್ತಾನೆ. ಸಂಸ್ಥೆಯ ಮುಖ್ಯಸ್ಥ ರಾಬರ್ಟ್ ಡೋನಿಗರ್‌ನನ್ನು ಅವನ ಸಹೋದ್ಯೋಗಿಗಳೇ ಪ್ಲೇಗಿನ ಕಾಲಕ್ಕೆ ಕಳುಹಿಸಿಬಿಡುತ್ತಾರೆ.

ಐತಿಹಾಸಿಕ ಆಧಾರ

ಕಥೆ ನಡೆಯುವುದು ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ನೂರು ವರ್ಷಗಳ ಯುದ್ಧದ (1337–1453) ಕಾಲದಲ್ಲಿ. 1356ರ ಸೆಪ್ಟೆಂಬರ್‌ನಲ್ಲಿ ಪ್ವಾತಿಯೇ ಕಾಳಗದಲ್ಲಿ ಫ್ರಾನ್ಸಿನ ದೊರೆ ಎರಡನೆಯ ಜಾನ್ ಸೆರೆಸಿಕ್ಕಿದನು. ಅರಾಜಕತೆ ಹಬ್ಬಿ, ಕೆಲಸವಿಲ್ಲದ ಬಾಡಿಗೆ ಸೈನಿಕರ ತಂಡಗಳು ಊರುಗಳನ್ನು ಸುಲಿಯತೊಡಗಿದವು. ಇಂಥ ತಂಡವೊಂದರ ನಾಯಕನಾಗಿದ್ದ ಆರ್ನೋ ಡಿ ಸರ್ವೋಲ್ ಇತಿಹಾಸದಲ್ಲಿ ನಿಜವಾಗಿ ಬದುಕಿದ್ದ ವ್ಯಕ್ತಿ. ಕ್ಯಾಸಲ್‌ಗಾರ್ಡ್ ಮತ್ತು ಆಲಿವರ್ ಲೇಖಕರ ಕಲ್ಪನೆ. ಕಾದಂಬರಿಯಾಗಿದ್ದರೂ ಪುಸ್ತಕದ ಕೊನೆಯಲ್ಲಿ ಆಕರಗ್ರಂಥಗಳ ಪಟ್ಟಿಯಿದೆ.

ಕಾಲಪ್ರಯಾಣದ ಕಲ್ಪನೆ

ಕಾದಂಬರಿಯ ಪ್ರಕಾರ ಪಾತ್ರಗಳು ಹಿಂದಿನ ಕಾಲಕ್ಕೆ ಹೋಗುವುದಿಲ್ಲ. ಅಸಂಖ್ಯ ವಿಶ್ವಗಳಿದ್ದು, ಅವುಗಳಲ್ಲಿ ಕೆಲವು ನಮ್ಮ ವಿಶ್ವದ ಗತಕಾಲವನ್ನೇ ಹೋಲುತ್ತವೆ. ಮನುಷ್ಯನ ದೇಹದ ಸಮಸ್ತ ವಿವರಗಳನ್ನೂ ಮಾಹಿತಿಯಾಗಿ ಪರಿವರ್ತಿಸಿ, ಕ್ವಾಂಟಮ್ ನೊರೆಯ ಅತಿಸೂಕ್ಷ್ಮ ರಂಧ್ರಗಳ ಮೂಲಕ ಅಂಥ ವಿಶ್ವಕ್ಕೆ ಕಳುಹಿಸಲಾಗುತ್ತದೆ. ಅಲ್ಲಿ ದೇಹ ಮತ್ತೆ ರೂಪುಗೊಳ್ಳುತ್ತದೆ. ಹಲವು ಸಲ ಹೋಗಿಬಂದರೆ ಪ್ರತಿಮಾಡುವಾಗಿನ ತಪ್ಪುಗಳು ದೇಹದಲ್ಲಿ ಸೇರುತ್ತಾ ಹೋಗುತ್ತವೆ. ಮರುಭೂಮಿಯಲ್ಲಿ ಸಿಕ್ಕ ವೃದ್ಧನ ಸಾವಿಗೆ ಇದೇ ಕಾರಣ. ಅನೇಕ ವಿಶ್ವಗಳ ಕಲ್ಪನೆಗೆ ಭೌತವಿಜ್ಞಾನದಲ್ಲಿ ಹ್ಯೂ ಎವರೆಟ್ 1957ರಲ್ಲಿ ಮಂಡಿಸಿದ ವ್ಯಾಖ್ಯಾನದ ಆಧಾರವಿದೆ. ಆದರೆ ಆ ವಿಶ್ವಗಳಿಗೆ ಪ್ರಯಾಣ ಮಾಡಬಹುದೆಂಬುದು ಕಾದಂಬರಿಕಾರರ ಕಲ್ಪನೆ.

ಓದುಗರ ಅಭಿಪ್ರಾಯಗಳು

ಕಥೆಯ ವೇಗವನ್ನು ಬಹುತೇಕ ಓದುಗರು ಒಪ್ಪಿಕೊಂಡಿದ್ದಾರೆ. ಉಳಿದಿರುವ ಸಮಯವನ್ನು ಅಧ್ಯಾಯಗಳ ನಡುವೆ ಗಂಟೆ, ನಿಮಿಷಗಳಲ್ಲಿ ಸೂಚಿಸುವುದರಿಂದ ಪುಸ್ತಕವನ್ನು ಕೆಳಗಿಡಲು ಮನಸ್ಸಾಗುವುದಿಲ್ಲ. ಕೋಟೆ, ಗಿರಣಿ, ಅಡುಗೆಮನೆ, ಆಯುಧ ಮತ್ತು ಉಡುಪುಗಳ ವಿವರಗಳು ಇತಿಹಾಸಾಸಕ್ತರ ಮೆಚ್ಚುಗೆ ಪಡೆದಿವೆ. ಮಧ್ಯಯುಗವನ್ನು ಕೇವಲ ಕತ್ತಲೆಯ ಕಾಲವೆಂದು ಕರೆಯುವುದನ್ನು ಕಾದಂಬರಿ ಮಾರೆಕ್‌ನ ಮೂಲಕ ಪ್ರಶ್ನಿಸುತ್ತದೆ. ಪಾತ್ರಗಳಲ್ಲಿ ಓದುಗರು ಹೆಚ್ಚಾಗಿ ನೆನಪಿಟ್ಟುಕೊಳ್ಳುವುದೂ ಅವನನ್ನೇ.

ಆಕ್ಷೇಪಗಳು ಮುಖ್ಯವಾಗಿ ನಾಲ್ಕು ಬಗೆಯವು. ಮೊದಲನೆಯದು ಪಾತ್ರರಚನೆಗೆ ಸಂಬಂಧಿಸಿದ್ದು. ಕ್ರಿಸ್ ಮತ್ತು ಕೇಟ್ ಅಪಾಯದಿಂದ ಅಪಾಯಕ್ಕೆ ಓಡುತ್ತಾರೆಯೇ ಹೊರತು ಅವರ ಅಂತರಂಗ ತೆರೆದುಕೊಳ್ಳುವುದಿಲ್ಲ, ಖಳರು ಕೇವಲ ಖಳರಾಗಿಯೇ ಉಳಿಯುತ್ತಾರೆ ಎಂಬುದು ಈ ದೂರು. ಎರಡನೆಯದು ರಚನೆಯ ಕುರಿತು. ಸೆರೆ, ತಪ್ಪಿಸಿಕೊಳ್ಳುವಿಕೆ, ಮತ್ತೆ ಸೆರೆ ಎಂಬ ಆವರ್ತನೆಯಿಂದಾಗಿ ಇದು ಚಲನಚಿತ್ರಕ್ಕಾಗಿಯೇ ಬರೆದಂತಿದೆ ಎನ್ನುವವರಿದ್ದಾರೆ.

ಮೂರನೆಯದು ವಿಜ್ಞಾನದ ತರ್ಕ. ಪ್ರಯಾಣ ಬೇರೊಂದು ವಿಶ್ವಕ್ಕಾದರೆ, ಅಲ್ಲಿ ಬರೆದ ಪತ್ರ ನಮ್ಮ ವಿಶ್ವದ ಅಗೆತದಲ್ಲಿ ಸಿಗುವುದು ಹೇಗೆ? ಎರಡು ಸೀಳುಗಳ ಮೂಲಕ ಹಾಯುವ ಬೆಳಕಿನ ಪ್ರಯೋಗವನ್ನು ಉದಾಹರಿಸಿ ವಿಶ್ವಗಳು ಒಂದರ ಮೇಲೊಂದು ಪ್ರಭಾವ ಬೀರುತ್ತವೆಂದು ಕಾದಂಬರಿ ವಿವರಿಸುತ್ತದೆ. ಈ ವಿವರಣೆ ಎಲ್ಲರಿಗೂ ಒಪ್ಪಿಗೆಯಾಗಿಲ್ಲ. ಆರಂಭದ ದೀರ್ಘ ವೈಜ್ಞಾನಿಕ ಸಂಭಾಷಣೆಗಳನ್ನು ಕೆಲವರು ಬೇಸರದವೆಂದೂ ಇನ್ನು ಕೆಲವರು ಪುಸ್ತಕದ ಅತ್ಯುತ್ತಮ ಭಾಗವೆಂದೂ ಹೇಳುತ್ತಾರೆ.

ನಾಲ್ಕನೆಯ ಆಕ್ಷೇಪ ಇತಿಹಾಸದ ಕಡೆಯಿಂದ ಬರುತ್ತದೆ. ಮಧ್ಯಯುಗದ ಬಗೆಗಿನ ಪೂರ್ವಗ್ರಹವನ್ನು ತೊಡೆಯಬೇಕೆನ್ನುವ ಕಾದಂಬರಿ, ಪುಟಪುಟಕ್ಕೂ ತಲೆ ಉರುಳುವ ಘಟನೆಗಳಿಂದ ಅದೇ ಪೂರ್ವಗ್ರಹವನ್ನು ಬಲಪಡಿಸುತ್ತದೆ ಎಂಬುದು ಇದರ ಸಾರ. ಯುದ್ಧಪೀಡಿತ ಪ್ರದೇಶವೊಂದರ ಎರಡು ದಿನಗಳನ್ನು ಮಾತ್ರ ಆರಿಸಿಕೊಂಡಿರುವುದರಿಂದ ಹೀಗಾಗಿದೆ ಎಂಬುದು ಇದಕ್ಕೆ ಕೊಡಬಹುದಾದ ಸಮಾಧಾನ.

ಅಭಿಪ್ರಾಯಭೇದಕ್ಕೆ ಓದುಗರ ನಿರೀಕ್ಷೆಯೂ ಕಾರಣವಾಗಿದೆ. ರೋಮಾಂಚನವನ್ನು ಬಯಸಿ ಬಂದವರಿಗೆ ವೇಗವೇ ಗುಣ. ಐತಿಹಾಸಿಕ ಕಾದಂಬರಿಯನ್ನು ಬಯಸಿ ಬಂದವರಿಗೆ ಅದೇ ವೇಗ ದೋಷ. ಡೂಮ್ಸ್‌ಡೇ ಬುಕ್ ಅನ್ನು ಓದಿದವರು ಅಲ್ಲಿ ಹಳ್ಳಿಗರೊಡನೆ ನಿಧಾನವಾಗಿ ಬೆಳೆಯುವ ಸಂಬಂಧವನ್ನು ಇಲ್ಲಿ ಕಾಣುವುದಿಲ್ಲ.

ರೂಪಾಂತರಗಳು

2000ರಲ್ಲಿ ಇದೇ ಹೆಸರಿನ ಕಂಪ್ಯೂಟರ್ ಆಟ ಬಿಡುಗಡೆಯಾಯಿತು. ರಿಚರ್ಡ್ ಡಾನರ್ ನಿರ್ದೇಶಿಸಿದ ಚಲನಚಿತ್ರ 2003ರ ನವೆಂಬರ್‌ನಲ್ಲಿ ತೆರೆಕಂಡಿತು. ಪಾಲ್ ವಾಕರ್, ಫ್ರಾನ್ಸಿಸ್ ಓ'ಕಾನರ್, ಜೆರಾರ್ಡ್ ಬಟ್ಲರ್ ಮತ್ತು ಬಿಲ್ಲಿ ಕಾನಲಿ ಇದರಲ್ಲಿ ನಟಿಸಿದ್ದಾರೆ. ಚಿತ್ರದಲ್ಲಿ ಕ್ರಿಸ್ ಪ್ರಾಧ್ಯಾಪಕನ ಮಗ. ಇದು ನಿರ್ಮಾಣ ವೆಚ್ಚವನ್ನೂ ಮರಳಿ ಗಳಿಸಲಿಲ್ಲ. ಚಿತ್ರ ನೋಡಿದ ಬಳಿಕ ಕಾದಂಬರಿಯೇ ಮೇಲೆಂದು ಹೇಳಿದ ಓದುಗರು ಹಲವರು.

ಕರ್ನಾಟಕದ ಸಂದರ್ಭದಲ್ಲಿ

ಕನ್ನಡದ ಪ್ರಸಿದ್ಧ ಐತಿಹಾಸಿಕ ಕಾದಂಬರಿಗಳಾದ ಕೆ. ವಿ. ಅಯ್ಯರ್ ಅವರ ಶಾಂತಲಾ, ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರ ಚೆನ್ನಬಸವನಾಯಕ ಹಾಗೂ ತ.ರಾ.ಸು. ಅವರ ದುರ್ಗಾಸ್ತಮಾನ ಓದುಗರನ್ನು ನೇರವಾಗಿ ಗತಕಾಲಕ್ಕೆ ಕರೆದೊಯ್ಯುತ್ತವೆ. ನಡುವೆ ಇಂದಿನ ಕಾಲದ ಪ್ರಯಾಣಿಕನೊಬ್ಬ ಇರುವುದಿಲ್ಲ. ಕಾಲಯಂತ್ರದ ಮೂಲಕ ನಮ್ಮ ನಾಡಿನ ಇತಿಹಾಸಕ್ಕೆ ಹೋಗುವ ಕಥೆಗೆ ಹೆಸರಾದುದು ಸಿಂಗೀತಂ ಶ್ರೀನಿವಾಸರಾವ್ ನಿರ್ದೇಶನದ ತೆಲುಗು ಚಲನಚಿತ್ರ ಆದಿತ್ಯ 369 (1991). ಅದರ ಪಾತ್ರಗಳು ಕೃಷ್ಣದೇವರಾಯನ ವಿಜಯನಗರವನ್ನು ತಲುಪುತ್ತವೆ.

ಗತಕಾಲದ ತಾಣಗಳನ್ನು ಮನರಂಜನೆಯ ಸ್ಥಳಗಳನ್ನಾಗಿಸಿ ಲಾಭ ಗಳಿಸಬೇಕೆಂಬುದು ಕಾದಂಬರಿಯಲ್ಲಿ ಡೋನಿಗರ್‌ನ ಯೋಜನೆ. ಜನರು ಕೃತಕವಾದುದರಿಂದ ಬೇಸತ್ತು ನೈಜವಾದುದನ್ನು ಅರಸುತ್ತಾರೆ, ಗತಕಾಲವೊಂದೇ ಹಾಗೆ ನೈಜವಾದುದು ಎಂಬುದು ಅವನ ವಾದ. ರಾಮನಗರ, ಮಾಗಡಿ ಸೀಮೆಯ ಓದುಗರಿಗೆ ಈ ವಾದ ತೀರ ದೂರದ್ದೆನಿಸದು. ಮಾಗಡಿ ತಾಲ್ಲೂಕಿನ ಸಾವನದುರ್ಗ ಕೆಂಪೇಗೌಡರ ವಂಶದ ಕೋಟೆಯಾಗಿತ್ತು. 1728ರಲ್ಲಿ ಅದು ಮೈಸೂರಿನ ವಶವಾಯಿತು. 1791ರ ಡಿಸೆಂಬರ್‌ನಲ್ಲಿ ಕಾರ್ನ್‌ವಾಲಿಸನ ಸೇನೆ ಮುತ್ತಿಗೆ ಹಾಕಿ ಅದನ್ನು ಟಿಪ್ಪು ಸುಲ್ತಾನನಿಂದ ಕಸಿದುಕೊಂಡಿತು. ಆದರೆ ಹೊರಗಿನ ಅನೇಕರಿಗೆ ಈ ಸೀಮೆಯ ಬಂಡೆಬೆಟ್ಟಗಳು ಪರಿಚಿತವಾದದ್ದು ಕಾಲ್ಪನಿಕ ಕಥೆಗಳಿಂದ. ರಾಮನಗರದ ಬೆಟ್ಟಗಳು ಷೋಲೆ (1975) ಚಿತ್ರದ ರಾಮ್‌ಗಢವಾದವು. ಎ ಪ್ಯಾಸೇಜ್ ಟು ಇಂಡಿಯಾ (1984) ಚಿತ್ರದ ಮರಾಬಾರ್ ಗುಹೆಗಳ ದೃಶ್ಯಗಳೂ ಇದೇ ಸೀಮೆಯಲ್ಲಿ ಚಿತ್ರಿತವಾದವು. ರಾಮನಗರದ ಬೆಟ್ಟದಲ್ಲಿ ಇಲ್ಲದ ಊರನ್ನು ಹುಡುಕುವ ಪ್ರವಾಸಿಗರಿರುವಾಗ, ಜನರು ಅರಸುವುದು ನೈಜವಾದುದನ್ನೇ ಎಂಬ ಡೋನಿಗರ್‌ನ ಮಾತು ಪೂರ್ಣವಾಗಿ ನಿಲ್ಲುವುದಿಲ್ಲ. ಕಾದಂಬರಿಯೂ ಕೊನೆಗೆ ಅವನ ಪರವಾಗಿಲ್ಲ. ಗತಕಾಲವನ್ನು ಮಾರಹೊರಟವನು ಅಲ್ಲಿಯೇ ನಾಶವಾಗುತ್ತಾನೆ, ಅದನ್ನು ಶ್ರದ್ಧೆಯಿಂದ ಕಲಿತ ಮಾರೆಕ್ ಅಲ್ಲಿ ಬಾಳುತ್ತಾನೆ. ಕಥೆಯ ಕೊರತೆಗಳನ್ನು ಒಪ್ಪಿಕೊಂಡ ಓದುಗರೂ ಈ ಅಂತ್ಯವನ್ನು ಮೆಚ್ಚಲು ಇದೇ ಕಾರಣವೆನ್ನಬಹುದು.